ಮೇಣದಲ್ಲಿ ಮಿಂದ ಗಿಟಾರು

ಆ ಭಾನುವಾರ ನಮ್ಮ ಮನೆಯಲ್ಲಿ ಹುರುಳಿಕಾಳು ಬೇಯದೆ ಉಳಿದದ್ದು ನನ್ನ ಗಿಟಾರಿನ ದೆಸೆಯಿಂದ. ಅತ್ತೆ ಕುಕ್ಕರ್ ಇಟ್ಟು, ಹಜಾರದಲ್ಲಿ ಕಾಲು ಚಾಚಿ ಕೂತು, ಸೊಪ್ಪು ಬಿಡಿಸುತ್ತಾ ಸೀಟಿ ಎಣಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ನಾನು ಗಿಟಾರನ್ನು ಅದರ ಸದ್ದಿನ ಪೆಟ್ಟಿಗೆಯಾದ ಆಂಪಿಗೆ ಸಿಕ್ಕಿಸಿ ಸದ್ದು ಕೊಂಚ ಏರಿಸಿದೆ. ‘ಕೀಂ’ ಎಂದು ಕಿರುಚಿತು. ತಗ್ಗಿಸಿದೆ, ಸುಮ್ಮನಾಯಿತು. ಮತ್ತೆ ಏರಿಸಿದೆ, ಮತ್ತೆ ಕಿರುಚಿತು. ಹೀಗೇ ಕೆಲವು ಸಲ ಆಗುವಷ್ಟರಲ್ಲಿ ಅತ್ತೆ ಎದ್ದು ಹೋಗಿ ಒಲೆ ಆರಿಸಿಬಿಟ್ಟಿದ್ದರು. ಊಟಕ್ಕೆ ಕೂತಾಗ ಬಸ್ಸಾರಿನ ಕಾಳು ಹಲ್ಲಿಗೆ ಕಟಕಟ ಸಿಕ್ಕಿತು. ನನ್ನ ಗಂಡ ಅಗಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದರು.

“ಸೀಟಿ ಎಣಿಸೇ ಇಳಿಸಿದ್ದು ಕಣಪ್ಪ,” ಎಂದರು ಅತ್ತೆ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. “ಅಲ್ಲ ಕಣೇ, ಅದು ಕುಕ್ಕರಾ, ನೀನಾ?”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಅಷ್ಟೆ. ಅವತ್ತು ಮೊಸರನ್ನದಲ್ಲಿ ಊಟ ಮುಗಿಯಿತು.

ನಾನು ಯಶವಂತಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಬೇರೆಯವರ ರಕ್ತ, ಕಫ, ಮೂತ್ರ ನೋಡಿ ಬಂದವಳಿಗೆ ಸಂಜೆ ಕೈಗೆ ಬೇರೆ ಏನಾದರೂ ಬೇಕು ಅನ್ನಿಸುತ್ತಿತ್ತು. ಕಾಲೇಜಿನಲ್ಲಿದ್ದಾಗ ಗೆಳತಿಯರ ಮರದ ಗಿಟಾರು ಇಸಿದುಕೊಂಡು ಒಂದಿಷ್ಟು ಕಲಿತಿದ್ದೆ. ನಲವತ್ತು ದಾಟಿದ ಮೇಲೆ, ಹೆಬ್ಬಾಳದ ಕಡೆ ಪಿ.ಜಿ. ಖಾಲಿ ಮಾಡಿ ಊರಿಗೆ ಹೊರಟಿದ್ದ ಹುಡುಗಿಯೊಬ್ಬಳಿಂದ ಈ ಕೆಂಪು ಎಲೆಕ್ಟ್ರಿಕ್ ಗಿಟಾರು, ಪುಟ್ಟ ಆಂಪು ಎರಡನ್ನೂ ಮನೆಗೆ ತಂದೆ. ವಿದ್ಯಾರಣ್ಯಪುರದ ನಮ್ಮ ಬೀದಿ ಎಷ್ಟು ನಿಶ್ಶಬ್ದ ಎಂದರೆ, ಯಾರ ಮನೆಯಲ್ಲಿ ಮಿಕ್ಸಿ ತಿರುಗಿದರೂ ಏನು ಚಟ್ನಿ ಎಂದು ಊಹಿಸಬಹುದು. ಅಂಥ ಬೀದಿಯಲ್ಲಿ ನನ್ನ ಗಿಟಾರಿನ ಸಂಗತಿ ಗುಟ್ಟಾಗಿ ಉಳಿಯುವ ಮಾತೇ ಇರಲಿಲ್ಲ.

ಹಾಗಾಗಿ ಒಂದು ದಿನ ಬಡಾವಣೆ ಸಂಘದ ಕಾರ್ಯದರ್ಶಿ ಗೇಟಿನ ಹೊರಗೇ ನಿಂತು ಕೇಳಿದರು. “ಮೇಡಂ, ನೀವು ಗಿಟಾರ್ ಬಾರಿಸ್ತೀರಲ್ಲ, ರಾಜ್ಯೋತ್ಸವಕ್ಕೆ ಪಾರ್ಕಲ್ಲಿ ಒಂದು ಐಟಂ ಕೊಡಿ.”

“ನಾನು ಬಾರಿಸ್ತೀನಿ ಅಂತ ಯಾರು ಹೇಳಿದ್ರು ನಿಮ್ಗೆ?”

“ಯಾರು ಹೇಳ್ಬೇಕು ಮೇಡಂ, ನಮ್ಮನೇಗೆ ಕೇಳ್ಸತ್ತೆ.”

ಒಪ್ಪಿಕೊಂಡೆ. ಒಬ್ಬಳೇ ವೇದಿಕೆ ಹತ್ತುವ ಧೈರ್ಯ ಇರಲಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವ ನನ್ನ ಗೆಳತಿಯನ್ನು ಎಳೆದುಕೊಂಡೆ. ಅವಳು ಆರ್.ಟಿ. ನಗರದವಳು. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾಳೆ, ನಮ್ಮ ಜೊತೆ ಬೆಂಗಳೂರು ಕನ್ನಡ. ಸೂಜಿಗೆ ಹೆದರುವವರ ತೋಳು ಹಿಡಿದು ಅವಳು ಮೆಲ್ಲಗೆ ಏನನ್ನೋ ಗುನುಗುತ್ತಾಳೆ. ಅವರು ಅದನ್ನು ಕೇಳುತ್ತಾ ಇರುವಾಗಲೇ ಕೆಲಸ ಮುಗಿದಿರುತ್ತದೆ. ಅಂಥ ದನಿ.

ಮೊದಲ ಅಭ್ಯಾಸಕ್ಕೆ ಅವಳು ನಮ್ಮ ಮನೆಗೆ ಬಂದಳು. ಅವಳು ಹಾಡಲು ಬಾಯಿ ತೆಗೆದಳು, ನಾನು ಅವಳ ದನಿಗೆ ಸರಿಯಾಗಲಿ ಎಂದು ಸದ್ದು ಏರಿಸಿದೆ, ಗಿಟಾರು ‘ಕೀಂ’ ಎಂದಿತು. ಅವಳು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಮೇಲೆ ಕುಸಿದಳು.

“ಏನೇ ಇದು! ಇದಕ್ಕೇನೋ ಕಾಯಿಲೆ ಇದೆ ಕಣೇ. ಟೆಸ್ಟ್ ಮಾಡ್ಸೋಣ.”

ಅವಳು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ಸರಿಯೆನ್ನಿಸಿತು. ಅಲ್ಲಿಯವರೆಗೆ ನಾನು ಸಿಕ್ಕಿದ ಗುಂಡಿಯನ್ನೆಲ್ಲ ಸಿಕ್ಕಹಾಗೆ ತಿರುಗಿಸಿ ನೋಡುತ್ತಿದ್ದೆ. ಲ್ಯಾಬಿನಲ್ಲಿ ಹಾಗೆ ಮಾಡುತ್ತೇವೆಯೇ? ಯಂತ್ರ ತಪ್ಪು ಲೆಕ್ಕ ತೋರಿಸಿದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುತ್ತೇವೆ. ಇಲ್ಲೂ ಹಾಗೇ ಮಾಡೋಣ ಎಂದು ಕೂತೆವು.

ಮೊದಲು ಟ್ಯೂಬ್‌ಲೈಟ್ ಆರಿಸಿದೆವು. ಗಿಟಾರಿನಿಂದ ಸದಾ ಬರುತ್ತಿದ್ದ ‘ಗುಂಯ್’ ಎಂಬ ಸಣ್ಣ ಸದ್ದು ಅರ್ಧಕ್ಕೆ ಇಳಿಯಿತು. ಕಿರುಚಾಟ ಹಾಗೇ ಇತ್ತು. ಅಂದರೆ ಗುಂಯ್‌ಗುಡುವುದು ಬೇರೆ, ಕಿರುಚುವುದು ಬೇರೆ ಎಂದು ತಿಳಿಯಿತು. ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ ಬದಲಿಸಿದೆವು, ವ್ಯತ್ಯಾಸವಿಲ್ಲ. ಗಿಟಾರು ಹಿಡಿದು ಕೋಣೆಯ ಇನ್ನೊಂದು ಮೂಲೆಗೆ ಹೋದೆ, ಕಿರುಚಾಟ ತಗ್ಗಿತು. ಆಂಪಿನ ಹತ್ತಿರ ಬಂದೆ, ಹೆಚ್ಚಿತು. ಆಂಪಿನಿಂದ ಹೊರಟ ಸದ್ದು ಗಿಟಾರಿಗೆ ತಾಗಿ, ಗಿಟಾರು ಅದನ್ನೇ ಮತ್ತೆ ಆಂಪಿಗೆ ಕಳಿಸಿ, ಆಂಪು ಅದನ್ನು ಇನ್ನೂ ದೊಡ್ಡದು ಮಾಡಿ ವಾಪಸ್ಸು ಕೊಟ್ಟು, ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ದನಿ ಏರಿಸುತ್ತಿದ್ದರು. ಜಗಳ ಅಲ್ಲಿಯದು ಎಂಬುದು ಖಚಿತವಾಯಿತು. ಆದರೆ ಗಿಟಾರಿನ ಯಾವ ಭಾಗ ಆ ಸದ್ದನ್ನು ಹಿಡಿಯುತ್ತಿದೆ?

“ತಂತಿ ಇರ್ಬೇಕು,” ಎಂದಳು ಗೆಳತಿ.

ಒಂದು ಟವೆಲ್ ಮಡಿಸಿ ತಂತಿಗಳ ಮೇಲೆ ಬಿಗಿಯಾಗಿ ಒತ್ತಿ ಹಿಡಿದೆ. ಒಂದು ತಂತಿಯೂ ಅಲುಗುವ ಹಾಗಿಲ್ಲ. ಸದ್ದು ಏರಿಸಿದೆವು. ‘ಕೀಂ!’ ತಂತಿಯ ಮೇಲಿನ ಆರೋಪ ಬಿದ್ದುಹೋಯಿತು.

ಉಳಿದದ್ದು ಪಿಕಪ್. ತಂತಿಗಳ ಕೆಳಗೆ, ಗಿಟಾರಿನ ಮೈಯಲ್ಲಿ ಕೂತಿರುವ ಪುಟ್ಟ ಡಬ್ಬಿ ಅದು. ಒಳಗೊಂದು ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಇದಕ್ಕೆ ಗೊತ್ತಾಗುತ್ತದೆ, ಅದನ್ನು ಆಂಪಿಗೆ ಹೇಳುತ್ತದೆ. ನನ್ನ ಗಿಟಾರಿನಲ್ಲಿ ಅಂಥವು ಎರಡು. ಪ್ಲಾಸ್ಟಿಕ್ ಚಮಚದಿಂದ ಮೇಲಿನ ಪಿಕಪ್ಪನ್ನು ತಟ್ಟಿದೆ, ಆಂಪಿನಲ್ಲಿ ಏನೂ ಅಷ್ಟಾಗಿ ಕೇಳಲಿಲ್ಲ. ಕೆಳಗಿನದನ್ನು ತಟ್ಟಿದೆ. ‘ಡಬ್ ಡಬ್’ ಎಂದು ಯಾರೋ ಬಾಗಿಲು ಬಡಿದ ಹಾಗೆ ಕೇಳಿತು. ಅಡುಗೆಮನೆಯಿಂದ ಅತ್ತೆ, “ಯಾರು ಬಂದ್ರು?” ಎಂದರು.

ಗೆಳತಿ ಏನು ತೋಚಿತೋ, ಗಿಟಾರಿನ ಮೇಲೆ ಬಗ್ಗಿ, ಕೆಳಗಿನ ಪಿಕಪ್ಪಿಗೆ ಬಾಯಿಟ್ಟು, “ಅಮ್ಮಾ, ನಾನು ಬಂದಿದೀನಿ!” ಎಂದು ಕೂಗಿದಳು. ಅವಳ ದನಿ ಡಬ್ಬದೊಳಗಿನಿಂದ ಬಂದಂತೆ ಗೊಗ್ಗರಾಗಿ ಆಂಪಿನಿಂದ ಹೊರಬಿತ್ತು.

ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಕಾಯಿಲೆ ಸಿಕ್ಕಿತ್ತು. ಪಿಕಪ್ ಉಕ್ಕಿನ ತಂತಿಯ ಮಾತನ್ನಷ್ಟೇ ಕೇಳಬೇಕು. ಇದು ಊರವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿತ್ತು. ಒಳಗಿನ ತಾಮ್ರದ ಸುತ್ತುಗಳು ಸಡಿಲವಾಗಿ, ಯಾವ ಸದ್ದಿಗೂ ತಾವೇ ನಡುಗಿ, ಮೈಕಿನ ಕೆಲಸ ಮಾಡುತ್ತಿದ್ದವು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ವಿಷಯ ತಿಳಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಗಿಟಾರಿನ ಮುಂದೆ ಕೂತು, “ಅಲೋ,” ಎಂದರು. “ಅಲೋ,” ಎಂದಿತು ಆಂಪು. ಅತ್ತೆ ಚಿಕ್ಕಬಾಣಾವರದ ಆಚೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಹಕಾರ ಅವರ ನಾಲಿಗೆಗೆ ಬಾರದು. ಗಿಟಾರೂ ಅವರ ಹಾಗೇ ಮಾತಾಡಿದ್ದು ಅವರಿಗೆ ಬಹಳ ಹಿಡಿಸಿತು. ಸ್ನಾನಕ್ಕೆ ಹೋಗದೆ ಪೇಪರ್ ಓದುತ್ತಾ ಕೂತಿದ್ದ ಮಗನನ್ನು ಆ ಮಧ್ಯಾಹ್ನ ಅವರು ಗಿಟಾರಿನ ಮೂಲಕವೇ ಕರೆದರು. “ಏಳೋ, ನೀರು ಆರೋಯ್ತದೆ!”

ನನ್ನ ಗಂಡ ಪೇಪರ್ ಕೈಯಲ್ಲಿ ಹಿಡಿದೇ ಓಡಿಬಂದರು.

ಮೊದಲು ಸುಲಭದ ಮದ್ದು ಮಾಡಿದೆವು. ಪಿಕಪ್ಪಿನ ಸ್ಕ್ರೂ ಬಿಚ್ಚಿ, ಕೆಳಗೆ ಅಲ್ಲಾಡುತ್ತಿದ್ದ ಸ್ಪ್ರಿಂಗಿನ ಪಕ್ಕ ಒಂದು ತುಂಡು ಸ್ಪಂಜು ತುರುಕಿದೆ. ಕಿರುಚಾಟ ಸ್ವಲ್ಪ ತಡವಾಗಿ ಶುರುವಾಯಿತು ಅಷ್ಟೆ. ಇನ್ನು ಉಳಿದದ್ದು ದೊಡ್ಡ ಮದ್ದು. ಪಿಕಪ್ಪನ್ನು ಹೊರಗೆ ತೆಗೆದು ಕರಗಿದ ಮೇಣದಲ್ಲಿ ಮುಳುಗಿಸುವುದು. ಮೇಣ ತಾಮ್ರದ ಸುತ್ತುಗಳ ಸಂದಿಗೆಲ್ಲ ಇಳಿದು, ಆರಿ, ಅವುಗಳನ್ನು ಅಲುಗದ ಹಾಗೆ ಹಿಡಿದುಬಿಡುತ್ತದೆ. ಇದನ್ನು ಮೊಬೈಲಿನಲ್ಲಿ ಓದಿದೆ, ವಿಡಿಯೋ ನೋಡಿದೆ, ಆದರೂ ಧೈರ್ಯ ಸಾಲಲಿಲ್ಲ. ಮೇಣ ಅತಿಯಾಗಿ ಕಾದರೆ ಪಿಕಪ್ಪಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದಂತೆ. ನೇರ ಬೆಂಕಿಯ ಮೇಲಿಟ್ಟರೆ ಮೇಣವೇ ಹೊತ್ತಿಕೊಳ್ಳಬಹುದಂತೆ.

“ನೀನು ಲ್ಯಾಬಲ್ಲಿ ಎಷ್ಟೊಂದನ್ನ ಬಿಸಿನೀರಲ್ಲಿಟ್ಟು ಕಾಯಿಸ್ತೀಯ. ಇದೂ ಅದೇ ಅಲ್ವೇನೆ?” ಎಂದಳು ಗೆಳತಿ. ಅದೂ ಹೌದು.

ಮೇಣದಬತ್ತಿ ಮನೆಯಲ್ಲೇ ಇದ್ದವು. ಅದಕ್ಕೆ ಒಂದು ಪಾಲು ಜೇನುಮೇಣ ಸೇರಿಸಿದರೆ ಆರಿದ ಮೇಲೆ ಬಿರುಕು ಬಿಡುವುದಿಲ್ಲ ಎಂದು ಓದಿದ್ದೆ. ಯಲಹಂಕದ ಹಳೇ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋದೆ. ಅರಿಶಿನದ ಕೊಂಬು, ಅಳಲೆಕಾಯಿ, ಕರ್ಪೂರಗಳ ವಾಸನೆಯ ನಡುವೆ ಕೂತಿದ್ದ ಅಂಗಡಿಯವರು ಜೇನುಮೇಣದ ಹಳದಿ ಉಂಡೆ ಕಟ್ಟಿಕೊಡುತ್ತಾ ಕೇಳಿದರು.

“ಹಿಮ್ಮಡಿ ಒಡೆದಿದ್ಯಾ ಅಮ್ಮ?”

“ಇಲ್ಲ, ಗಿಟಾರ್ ಕಿರುಚ್ತಾ ಇದೆ.”

ಅವರು ಒಂದು ಕ್ಷಣ ಕೈ ನಿಲ್ಲಿಸಿದರು. ಆಮೇಲೆ ತುಂಬ ಸಮಾಧಾನದಿಂದ, “ಬಿಸಿಯಾಗಿ ಹಚ್ಚಿ, ಹೋಗತ್ತೆ,” ಎಂದರು. ಅವರು ಏನು ಅರ್ಥ ಮಾಡಿಕೊಂಡರೋ, ಸಲಹೆಯಂತೂ ಸರಿಯಾಗಿಯೇ ಇತ್ತು.

ಮುಂದಿನ ಭಾನುವಾರ ಬೆಳಗ್ಗೆ ತಿಂಡಿ ಮುಗಿದ ಮೇಲೆ ಅಡುಗೆಮನೆ ನಮ್ಮದಾಯಿತು. ನನ್ನ ಗಂಡ ದಾಸರಹಳ್ಳಿಯ ಹತ್ತಿರದ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದಲ್ಲಿರುವವರು. ಬೆಸುಗೆ ಹಾಕುವ ಕಡ್ಡಿ ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಅದನ್ನು ಕಾಯಿಸಿ, ಪಿಕಪ್ಪಿನ ಎರಡು ವೈರುಗಳ ಬೆಸುಗೆ ಬಿಡಿಸಿ, ಯಾವುದು ಎಲ್ಲಿತ್ತೆಂದು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ಪಿಕಪ್ಪನ್ನು ಅಂಗೈ ಮೇಲಿಟ್ಟುಕೊಂಡು, “ಇಷ್ಟೇ ಇಷ್ಟಿದೆ, ಎಷ್ಟು ಕೂಗತ್ತೆ ನೋಡು,” ಎಂದರು.

ಪಾತ್ರೆಯ ವಿಷಯದಲ್ಲಿ ಅತ್ತೆಯ ಜೊತೆ ದೊಡ್ಡ ಮಾತುಕತೆ ನಡೆಯಿತು. ಅವರು ಯಾವ ಪಾತ್ರೆಯನ್ನೂ ಕೊಡಲು ತಯಾರಿರಲಿಲ್ಲ. ಕೊನೆಗೆ ಅಟ್ಟದಿಂದ ಒಂದು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ ಇಳಿಸಿ, “ಇದನ್ನ ಮತ್ತೆ ಒಲೆ ಅತ್ರ ತರಕೂಡ್ದು,” ಎಂಬ ಷರತ್ತಿನ ಮೇಲೆ ಕೊಟ್ಟರು. ಕರೆಂಟ್ ಒಲೆಯ ಮೇಲೆ ಅಗಲದ ಪಾತ್ರೆಯಲ್ಲಿ ನೀರು, ಅದರೊಳಗೆ ಈ ಪಾತ್ರೆ, ಅದರಲ್ಲಿ ಮೇಣ. ನಾನು ಥರ್ಮಾಮೀಟರ್ ಹಿಡಿದು ನಿಂತೆ. ಗೆಳತಿ ಒಲೆಯ ಗುಂಡಿಯ ಮೇಲೆ ಬೆರಳಿಟ್ಟು, ನಾನು ‘ಸಾಕು’ ಎಂದಾಗ ಇಳಿಸುತ್ತಾ ‘ಬೇಕು’ ಎಂದಾಗ ಏರಿಸುತ್ತಾ ಇದ್ದಳು. ಮೇಣ ಕರಗಿ ತಿಳಿಯಾಗಿ, ಅಡುಗೆಮನೆಯ ತುಂಬ ಜೇನಿನ ನಸು ವಾಸನೆ ಹರಡಿತು. ಪಿಕಪ್ಪಿಗೆ ದಾರ ಕಟ್ಟಿ ಮೆಲ್ಲಗೆ ಇಳಿಬಿಟ್ಟೆ.

ಮುಳುಗಿದ್ದೇ ತಡ, ಅದರ ಒಡಲಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಸಂದಿಗಳಲ್ಲಿದ್ದ ಗಾಳಿ ಹೊರಗೆ ಬರುತ್ತಿತ್ತು. ನಾಲ್ಕು ತಲೆಗಳು ಆ ಪಾತ್ರೆಯ ಮೇಲೆ ಬಗ್ಗಿದವು. ಎಳೆ ಮಗುವಿನ ಸ್ನಾನ ನೋಡುವ ಹಾಗೆ ನೋಡುತ್ತಾ ನಿಂತೆವು.

“ಆಯ್ತು ತೆಗಿ,” ಎಂದರು ಅತ್ತೆ.

“ಇನ್ನೊಂದ್ ಸ್ವಲ್ಪ ಇರ್ಲಿ ಅತ್ತೆ.”

“ಆಗೋಗಿದೆ ಕಣೇ. ನಾನು ತುಪ್ಪ ಕಾಯ್ಸಿಲ್ವಾ?”

ಆಗಲೇ ಮೂಲೆಯಿಂದ ಒಂದು ದೊಡ್ಡ ಗುಳ್ಳೆ ‘ಬುಳಕ್’ ಎಂದು ಮೇಲೆ ಬಂತು. ಅತ್ತೆ ಗೊಳ್ಳೆಂದು ನಕ್ಕರು. “ಇರ್ಲಿ, ಇರ್ಲಿ, ಮೀಯ್ಲಿ,” ಎಂದರು. ಗುಳ್ಳೆಗಳು ಪೂರ್ತಿ ನಿಂತ ಮೇಲೆ ದಾರ ಹಿಡಿದು ಎತ್ತಿದೆ. ಹಳೇ ಬನಿಯನ್ ಬಟ್ಟೆಯಲ್ಲಿ ಮೇಲ್ಮೈಯ ಮೇಣ ಒರೆಸಿ, ಕಿಟಕಿಯ ಬಳಿ ಆರಲು ಇಟ್ಟು, ಕಾಫಿ ಕುಡಿದೆವು. ಅಷ್ಟು ಹೊತ್ತಿನಲ್ಲಿ ಗೆಳತಿ ಮೂರು ಸಲ ಎದ್ದುಹೋಗಿ ಅದನ್ನು ಮುಟ್ಟಿ ನೋಡಿ ಬಂದಳು.

ಬೆಸುಗೆ ಹಾಕಿ, ಸ್ಕ್ರೂ ಬಿಗಿದು, ಕೇಬಲ್ ಸಿಕ್ಕಿಸಿದೆವು. ಎಲ್ಲರೂ ಕೋಣೆಯಲ್ಲಿ ಸೇರಿದರು. ಸದ್ದು ಏರಿಸಿದೆ. ಏನೂ ಇಲ್ಲ. ಇನ್ನೂ ಏರಿಸಿದೆ. ಆಂಪಿನಿಂದ ಗಾಳಿ ಬೀಸಿದಂಥ ಸಣ್ಣ ಸುಯ್ಯೆಂಬ ಸದ್ದು, ಅಷ್ಟೆ. ಹಿಂದೆ ಕಿವಿ ಹರಿಯುವಂತೆ ಕಿರುಚುತ್ತಿದ್ದ ಜಾಗ ದಾಟಿಯೂ ಗಿಟಾರು ತೆಪ್ಪಗಿತ್ತು. ಚಮಚದಿಂದ ತಟ್ಟಿದೆ, ಕೇಳಿಸಿದರೂ ಕೇಳಿಸದ ಹಾಗೆ. ನನ್ನ ಗಂಡ ಚಪ್ಪಾಳೆ ತಟ್ಟಿದರು. ಗೆಳತಿ ನನ್ನನ್ನು ತಬ್ಬಿಕೊಂಡು ಅಲ್ಲೇ ಒಂದು ಸುತ್ತು ತಿರುಗಿದಳು.

ಅತ್ತೆ ಮಾತ್ರ ಮುಂದೆ ಬಂದು ಕೂತು ಪಿಕಪ್ಪಿಗೆ ಬಾಯಿಟ್ಟು, “ಅಲೋ,” ಎಂದರು. ಉತ್ತರವಿಲ್ಲ. “ಅಲೋ!” ಇನ್ನೂ ಜೋರಾಗಿ. ಇಲ್ಲ.

“ಮೂಗಾಗೋಯ್ತಲ್ಲೇ,” ಎಂದರು. ಅವರ ಮುಖ ಸಪ್ಪಗಾಗಿತ್ತು. ನನಗೆ ಆ ಮುಖ ನೋಡಿ, ಇಷ್ಟು ಹೊತ್ತಿನ ಗೆಲುವಿನ ನಡುವೆ, ಪಿಚ್ಚೆನ್ನಿಸಿತು.

ಏನಾದರೂ ಬಾರಿಸೋಣ ಎಂದು ಗಿಟಾರನ್ನು ಎತ್ತಿಕೊಂಡೆ. ಸದ್ದು ಆಗಲೇ ಪೂರ್ತಿ ಏರಿತ್ತು. ಒಂದು ದಪ್ಪ ತಂತಿ ಮೀಟಿ, ಬೆರಳು ಒತ್ತಿ ಹಿಡಿದು, ಆಂಪಿನ ಕಡೆ ತಿರುಗಿದೆ. ಸಾಧಾರಣವಾಗಿ ಮೀಟಿದ ಸ್ವರ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಇದು ಸಾಯಲಿಲ್ಲ. ಕ್ಷೀಣವಾಗುತ್ತಾ ಬಂದದ್ದು ಮತ್ತೆ ತುಂಬಿಕೊಂಡಿತು. ದುಂಡಗೆ, ನಿಂತ ಕಡೆ ನಿಂತು, ಏರದೆ ಇಳಿಯದೆ ಮೊಳಗತೊಡಗಿತು. ಅದೇ ಆಂಪು, ಅದೇ ಗಿಟಾರು, ಅದೇ ಹೋಗಿ ಬರುವ ಸದ್ದು. ಆದರೆ ಈಗ ಆ ಸದ್ದಿಗೆ ನಡುಗುತ್ತಿದ್ದದ್ದು ನಾನು ಒತ್ತಿ ಹಿಡಿದ ತಂತಿ. ಅದರ ಸ್ವರ ಬಿಟ್ಟು ಬೇರೆ ಯಾವ ಗದ್ದಲವೂ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದರೆ ತೆಳುವಾಗುತ್ತಿತ್ತು, ಮುಂದೆ ಬಂದರೆ ದಪ್ಪವಾಗುತ್ತಿತ್ತು. ನನ್ನ ಹೊಟ್ಟೆಗೆ ಒತ್ತಿದ್ದ ಮರ ಬೆಕ್ಕಿನ ಮೈಯ ಹಾಗೆ ಗುರುಗುಟ್ಟುತ್ತಿತ್ತು.

ಗೆಳತಿ ಪಿಸುಗುಟ್ಟಿದಳು. “ನಿಲ್ಲಿಸ್ಬೇಡ ಕಣೇ.”

ಅತ್ತೆ ತಲೆ ಓರೆ ಮಾಡಿ ಕೇಳುತ್ತಿದ್ದರು. “ಇದು ಬೀಸೋಕಲ್ಲಿನ ಸದ್ದು,” ಎಂದರು. ನಮಗೆ ಅರ್ಥವಾಗಲಿಲ್ಲ. “ರಾಗಿಕಲ್ಲು ತಿರುಗ್ತಾ ಇದ್ರೆ ಇಂಗೇ ಬರ್ತಿತ್ತು ಕಣೇ, ಒಂದೇ ಸಮ. ನಮ್ಮವ್ವ, ನಾನು ಇಬ್ರೂ ಗೂಟ ಇಡ್ಕೊಂಡು...” ಎಂದವರು ಮಾತು ಮುಗಿಸದೆ ಹಾಡಲು ಶುರು ಮಾಡಿಬಿಟ್ಟರು. ರಾಗಿ ಬೀಸುವಾಗ ಹೆಂಗಸರು ಹಾಡುತ್ತಿದ್ದ ಪದ. ಮದುವೆಯಾಗಿ ಇಷ್ಟು ವರ್ಷಗಳಾದರೂ ನಾನು ಅವರ ಬಾಯಲ್ಲಿ ಹಾಡು ಕೇಳಿರಲಿಲ್ಲ. ನನ್ನ ಗಂಡನೂ ಕೇಳಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ದನಿ ಒರಟು, ಆದರೆ ಗಿಟಾರಿನ ಸ್ವರದ ಮೇಲೆ ನೇರ ಹೋಗಿ ಕೂತಿತು. ಒಂದು ಸಾಲು ಅವರು ಹೇಳುವುದು, ಅದನ್ನೇ ಗೆಳತಿ ತಿರುಗಿ ಹೇಳುವುದು. ಅವಳಿಗೆ ಪದದ ಅರ್ಧ ಮಾತು ಗೊತ್ತಿರಲಿಲ್ಲ. ಅತ್ತೆಯ ತುಟಿ ನೋಡಿಕೊಂಡು ಹಾಡಿದಳು. ನನ್ನ ಬೆರಳು ಉರಿಯುತ್ತಿತ್ತು, ಎತ್ತಲು ಮನಸ್ಸಾಗಲಿಲ್ಲ.

ಪದ ಮುಗಿದಾಗ ಗೆಳತಿಯೇ ಹೇಳಿದಳು. “ನಾವ್ ರೆಡಿ ಮಾಡ್ಕೊಂಡಿರೋದೆಲ್ಲ ಬಿಡು. ಪಾರ್ಕಲ್ಲಿ ಇದನ್ನೇ ಹಾಡೋದು. ಅಮ್ಮ, ನೀವು ಬರ್ಬೇಕು.”

“ನಾನಾ? ಓಗೇ! ಜನ ನಗಲ್ವಾ?” ಎಂದರು ಅತ್ತೆ. ಎಂದವರೇ ಒಳಗೆ ಹೋಗಿ ಬೀರು ತೆಗೆದು ಯಾವ ಸೀರೆ ಎಂದು ನೋಡತೊಡಗಿದರು.

ರಾಜ್ಯೋತ್ಸವದ ದಿನ ಸಂಜೆ ಬೆಳಕಿರುವಾಗಲೇ ಪಾರ್ಕಿಗೆ ಹೋದೆವು. ಹಳದಿ ಕೆಂಪು ಬಾವುಟಗಳು, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಡೆ ಚುರುಮುರಿ ಗಾಡಿ. ಮೈಕಿನವರು ನನ್ನ ಆಂಪನ್ನು ವೇದಿಕೆಯ ಹಿಂದೆ, ಕಾಣದ ಹಾಗೆ ಇಟ್ಟಿದ್ದರು. ಅದು ನನಗೆ ಎದುರಾಗಿ, ಹತ್ತಿರ ಇರಬೇಕೆಂದು ಕೇಳಿಕೊಂಡೆ. “ಹತ್ರ ಇಟ್ರೆ ಫೀಡ್‌ಬ್ಯಾಕ್ ಬರತ್ತೆ ಮೇಡಂ, ಸದ್ದು ತಿರುಗಿ ಗಿಟಾರಿಗೇ ಹೋಗತ್ತೆ,” ಎಂದರು ಅವರು.

“ಬರ್ಲಿ, ನಮಗೆ ಅದೇ ಬೇಕು,” ಎಂದಳು ಗೆಳತಿ. ಅವರು ವಿಚಿತ್ರವಾಗಿ ನೋಡಿದರೂ ಆಂಪನ್ನು ತಂದಿಟ್ಟರು.

ಮಕ್ಕಳ ನೃತ್ಯ ಮುಗಿದು ನಮ್ಮನ್ನು ಕರೆದರು. ಬಯಲಿನಲ್ಲಿ ಕೋಣೆಯ ಹಾಗೆ ಸದ್ದನ್ನು ಹಿಂದಿರುಗಿಸುವ ಗೋಡೆಗಳಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದೇ ಆಗ. ತಂತಿ ಮೀಟಿ ತಿರುಗಿದೆ. ಸ್ವರ ತೆಳುವಾಗುತ್ತಾ ಬಂತು. ಆಂಪಿಗೆ ಇನ್ನಷ್ಟು ಹತ್ತಿರ ಸರಿದೆ, ಸಾಲದು. ಮೊಣಕಾಲು ಬಗ್ಗಿಸಿ ಗಿಟಾರನ್ನು ಆಂಪಿನ ಮುಖಕ್ಕೇ ತಂದೆ. ಅಲ್ಲಿ ಹಿಡಿದುಕೊಂಡಿತು. ಸ್ವರ ಮೆಲ್ಲಗೆ ಉಬ್ಬಿ, ಪಾರ್ಕಿನ ಆ ತುದಿಯ ಹೊಂಗೆಮರಗಳವರೆಗೂ ಹೋಗಿ ನಿಂತಿತು. ಹಾಗೇ, ಅರ್ಧ ಕೂತ ಅರ್ಧ ನಿಂತ ಭಂಗಿಯಲ್ಲೇ, ನಾನು ಇಡೀ ಪದ ಮುಗಿಯುವವರೆಗೂ ಇದ್ದೆ.

ಅತ್ತೆ ಕಣ್ಣು ಮುಚ್ಚಿ ಹಾಡಿದರು. ಗೆಳತಿ ಅವರ ಸಾಲನ್ನು ಎತ್ತಿಕೊಂಡಳು. ಎರಡನೆಯ ಸಾಲಿಗೆ ಹಿಂದಿನ ಕುರ್ಚಿಗಳಲ್ಲಿದ್ದ ವಯಸ್ಸಾದ ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ಅವರಿಗೆಲ್ಲ ಆ ಪದ ಗೊತ್ತಿತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ. ಸಣ್ಣಪುಟ್ಟ ಬದಲಾವಣೆಯೊಂದಿಗೆ, ಅವರವರ ಹಳ್ಳಿಯ ಮಾತಿನಲ್ಲಿ, ಪಾರ್ಕಿನ ತುಂಬ ಅದು ಹರಡಿತು. ನನ್ನ ಗಂಡ ವಿಡಿಯೋ ಮಾಡಲೆಂದು ಎತ್ತಿದ ಮೊಬೈಲನ್ನು ಹಾಗೇ ಹಿಡಿದು ನಿಂತಿದ್ದರು. ಆಮೇಲೆ ನೋಡಿದರೆ ಅವರು ಗುಂಡಿಯನ್ನೇ ಒತ್ತಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಕಾರ್ಯದರ್ಶಿ ಮೈಕಿಗೆ ಬಂದು ಮುಂದಿನ ಐಟಂ ಹೇಳಲು ಗಂಟಲು ಸರಿಪಡಿಸಿಕೊಂಡರು. ಅತ್ತೆ ವೇದಿಕೆ ಬಿಟ್ಟು ಕದಲಲಿಲ್ಲ. ನನ್ನ ಕಡೆ ತಿರುಗಿ, “ಆ ಸದ್ದು ಇನ್ನೊಂದ್ಸಲ ಆಕೇ,” ಎಂದರು. “ನಂಗೆ ಇನ್ನೂ ಒಂದು ಪದ ಬರ್ತದೆ.”

ಕಾರ್ಯದರ್ಶಿ ನಕ್ಕು ಪಕ್ಕಕ್ಕೆ ಸರಿದರು. ನಾನು ಮತ್ತೆ ಮೊಣಕಾಲು ಬಗ್ಗಿಸಿದೆ.